ಆಷಾಢದ ಗಾಳಿ, ಕಾರ್ತಿಕದ ನೀರು

ಮುಳಬಾಗಿಲಿನಿಂದ ಕೆ.ಜಿ.ಎಫ್. ಕಡೆಗೆ ಹೊರಟವರಿಗೆ ದಾರಿಯಲ್ಲಿ ಬೇತಮಂಗಲ ಸಿಗುತ್ತದೆ. ಏರಿ ಹತ್ತುವವರೆಗೆ ಕೆರೆಯ ಅಗಲ ತಿಳಿಯುವುದಿಲ್ಲ. ಹತ್ತಿ ನಿಂತರೆ ಆಷಾಢದ ಗಾಳಿ ಅಂಗಿಯನ್ನು ಬೆನ್ನಿಗೆ ಅಂಟಿಸಿಬಿಡುತ್ತದೆ. ಬರಪೀಡಿತ ಜಿಲ್ಲೆ ಎಂದೇ ಹೆಸರಾದ ಕೋಲಾರದಲ್ಲಿ ಹಾಯಿದೋಣಿಯ ಮಾತು ಎತ್ತಲು ಇದಕ್ಕಿಂತ ತಕ್ಕ ಜಾಗವಿಲ್ಲ.

ಊರಿನ ಹಳೆಯ ಹೆಸರು ವಿಜಯಾದಿತ್ಯಮಂಗಲ. ವಿಜಯಾದಿತ್ಯ ಎಂಬುದು ಬಾಣ ಅರಸನ ಹೆಸರು. ಹತ್ತನೆಯ ಶತಮಾನದಲ್ಲಿ ಒಡೆದುಹೋಗಿದ್ದ ಏರಿಯನ್ನು ನೊಳಂಬ ದೊರೆ ಇರಿವ ಮತ್ತೆ ಕಟ್ಟಿಸಿದನೆಂದು ಶಾಸನ ಹೇಳುತ್ತದೆ. 1903ರ ಪಾಲಾರ್ ಪ್ರವಾಹಕ್ಕೆ ಕೆರೆ ಇನ್ನೊಮ್ಮೆ ಒಡೆಯಿತು. ಮತ್ತೆ ಕಟ್ಟಿದರು. ಚಿನ್ನದ ಗಣಿಗಳಿಗೆ, ಗಣಿ ಊರಿನ ನಲ್ಲಿಗಳಿಗೆ ಇಲ್ಲಿಂದಲೇ ನೀರು ಹೋಯಿತು. ಗಣಿಯ ಅಧಿಕಾರಿಗಳ ಕುಟುಂಬಗಳು ರಜೆಯ ದಿನ ಬಂದು ದೋಣಿ ಬಿಡುತ್ತಿದ್ದುದೂ ಇಲ್ಲೇ. ಹಾಯಿದೋಣಿಗಳೂ ಇದ್ದುವೆಂದು ಕೆ.ಜಿ.ಎಫ್.ನ ಹಿರಿಯರು ಈಗಲೂ ನೆನೆಯುತ್ತಾರೆ. 2001ರ ಫೆಬ್ರವರಿ ಕೊನೆಗೆ ಗಣಿ ಮುಚ್ಚಿತು. ದೋಣಿಗಳ ಕಾಲ ಅದಕ್ಕೂ ಮೊದಲೇ ಮುಗಿದಿತ್ತು.

ಆ ದೋಣಿಗಳು ಮತ್ತೆ ಬರಬೇಕು, ಈ ಸಲ ಅಧಿಕಾರಿಗಳ ಮಕ್ಕಳಿಗಲ್ಲ, ಈ ತಾಲ್ಲೂಕುಗಳ ಶಾಲೆಯ ಮಕ್ಕಳಿಗೆ ಎಂಬುದು ನನ್ನ ಆಸೆ. ಆದರೆ ದೋಣಿ ಕೊಳ್ಳುವುದು ಸುಲಭ, ಉಳಿಸಿಕೊಳ್ಳುವುದು ಕಷ್ಟ. ಹಾಗಾಗಿ ನೀರನ್ನು ಬಿಟ್ಟು ದಡವನ್ನೇ ನೋಡುತ್ತ ನಡೆದೆ.

ತೂಬಿನ ಆಚೆ ಒಬ್ಬ ಮೀನುಗಾರರು ಫೈಬರ್ ತೆಪ್ಪವನ್ನು ಬೋರಲು ಹಾಕಿಕೊಂಡು ಕೂತಿದ್ದರು. ತಳದಲ್ಲಿ ಕಲ್ಲು ತಾಗಿ ಬಿರುಕು. ಅದರ ಸುತ್ತ ಅಂಗೈ ಅಗಲ ಉಪ್ಪುಕಾಗದದಲ್ಲಿ ಉಜ್ಜಿ, ಹೊಳಪೆಲ್ಲ ಹೋಗಿ ಒಳಗಿನ ನಾರು ಬೆಳ್ಳಗೆ ಕಾಣುವಂತೆ ಮಾಡಿದ್ದರು. ಗಾಜುನಾರಿನ ಚಾಪೆಯಲ್ಲಿ ಮೂರು ತುಂಡು ಕತ್ತರಿಸಿಟ್ಟಿದ್ದರು, ಒಂದಕ್ಕಿಂತ ಒಂದು ದೊಡ್ಡದು. ಡಬ್ಬಿಯ ರೆಸಿನ್‌ಗೆ ಹಾರ್ಡ್‌ನರ್ ಹನಿಸಿ ಕಡ್ಡಿಯಲ್ಲಿ ಕಲಕಿದಾಗ ಮೂಗು ಉರಿಯುವ ವಾಸನೆ. ಚಾಪೆಯ ಮೇಲೆ ಬ್ರಷ್ಷನ್ನು ಎಳೆಯಲಿಲ್ಲ, ಕುಟ್ಟಿದರು. ಒಳಗಿನ ಗಾಳಿಗುಳ್ಳೆ ಹೊರಬಂದು ನಾರು ಪಾರದರ್ಶಕವಾಗುವವರೆಗೆ ಕುಟ್ಟಿದರು.

“ಇಷ್ಟು ಬೆಳಗ್ಗೇನೇ ಯಾಕಣ್ಣ?” ಎಂದೆ.

“ಬಿಸ್ಲು ಏರಿದ್ಮೇಲೆ ಮುಟ್ಟಂಗಿಲ್ಲ ಸಾರ್. ಬ್ರಷ್‌ನಲ್ಲೇ ಕಲ್ಲಾಗೋಗುತ್ತೆ.”

ಹಾಯಿದೋಣಿಯ ಹೊಟ್ಟೆಗೆ ಮಾಡುವ ರಿಪೇರಿಯೂ ಇದೇ, ಒಂದಿಷ್ಟೂ ಬೇರೆಯಲ್ಲ. ಹಿಂದೆ ತೆಪ್ಪವೆಂದರೆ ಬಿದಿರು ಹೆಣೆದು ಚರ್ಮ ಹೊದಿಸಿದ್ದು, ಆಮೇಲೆ ಪ್ಲಾಸ್ಟಿಕ್ ಶೀಟು, ಡಾಂಬರು, ಈಗ ಫೈಬರ್. ಹಾಯಿದೋಣಿಯೂ ಮರದಿಂದ ಫೈಬರಿಗೆ ಹಾಗೆಯೇ ಬಂತು. ಕೋಲಾರದಂಥ ಕಡೆ ಆ ಬದಲಾವಣೆಗೆ ಗಟ್ಟಿ ಕಾರಣವಿದೆ. ಹಲಗೆ ಜೋಡಿಸಿದ ದೋಣಿ ನೀರು ಕುಡಿದು ಉಬ್ಬಿದರೆ ಮಾತ್ರ ಸಂದು ಮುಚ್ಚುತ್ತದೆ. ಕೆರೆ ವರ್ಷಗಟ್ಟಲೆ ಒಣಗಿದರೆ ದೋಣಿಯೂ ಒಣಗಿ ಬಿರಿಯುತ್ತದೆ. ಫೈಬರ್ ಬರಗಾಲಕ್ಕೆ ಹೆದರುವುದಿಲ್ಲ.

ಅದು ಹೆದರುವುದು ಬಿಸಿಲಿಗೆ. ಮೇಲಿನ ಜೆಲ್‌ಕೋಟ್ ಮೊದಲು ಮಂಕಾಗಿ ಸುಣ್ಣದ ಹುಡಿಯಂತೆ ಕೈಗೆ ಹತ್ತುತ್ತದೆ, ಆಮೇಲೆ ನಾರು ತಲೆ ಎತ್ತುತ್ತದೆ. ಹಾಯಿಯ ಪಾಲಿಯೆಸ್ಟರ್ ಬಟ್ಟೆಗೂ ಬಿಸಿಲೇ ಶತ್ರು. ಬಹಳ ಸಲ ಬಟ್ಟೆಗಿಂತ ಮೊದಲು ಹೊಲಿಗೆಯ ದಾರ ಸಾಯುತ್ತದೆ; ಉಗುರಿನಿಂದ ಕೆರೆದರೆ ಪುಡಿಪುಡಿ. ಆ ಹಂತದಲ್ಲಿ ಮತ್ತೆ ಹೊಲಿಸಿದರೆ ಹಾಯಿ ಇನ್ನಷ್ಟು ಕಾಲ ಬಾಳುತ್ತದೆ, ಬಿಟ್ಟರೆ ಒಂದೇ ಬಿರುಗಾಳಿಗೆ ಸೀಳುತ್ತದೆ. ಹೊಲಿಯುವವರು ಎಲ್ಲಿದ್ದಾರೆ? ಕೋಲಾರದ ಟೊಮೆಟೊ ಮಾರುಕಟ್ಟೆಗೆ ಬರುವ ಲಾರಿಗಳ ಟಾರ್ಪಾಲನ್ನು ಹೊಲಿಯುವವರಿಗೆ ದಪ್ಪ ಬಟ್ಟೆ, ಜಿಗ್‌ಜಾಗ್ ಹೊಲಿಗೆ, ಹಿತ್ತಾಳೆ ಐಲೆಟ್ ಹೊಸದೇನಲ್ಲ. ಬಿಸಿಲು ತಡೆಯುವ ದಾರವನ್ನು ತಂದುಕೊಟ್ಟರೆ ಸಾಕು. ಚುಕ್ಕಾಣಿಯ ಕೀಲು, ಸ್ಟೀಲ್ ಪಟ್ಟಿಗಳಿಗೆ ಮಾಲೂರಿನ ಕೈಗಾರಿಕಾ ಪ್ರದೇಶ ಹತ್ತಿರವೇ ಇದೆ. ಚುಕ್ಕಾಣಿಯ ಹಲಗೆ ನುಣುಪು ಮಾಡಲು ಶ್ರೀನಿವಾಸಪುರದಲ್ಲಿ ಬಡಗಿಗಳಿಗೇನು ಬರವೇ? ಇಲ್ಲಿ ಇಲ್ಲದಿರುವುದು ದೋಣಿ ಮಾತ್ರ. ಅದನ್ನು ಬಾಳಿಸುವ ಕೈಗಳು ಆಗಲೇ ಇವೆ.

ಯಾವ ದೋಣಿ? ಮಕ್ಕಳಿಗಾದರೆ ಆಪ್ಟಿಮಿಸ್ಟ್ ಎಂದು ಅನುಮಾನವಿಲ್ಲದೆ ಹೇಳುತ್ತೇನೆ. 1947ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ ಎಂಬವರು ಪ್ಲೈವುಡ್‌ನಲ್ಲಿ ಮಾಡಿದ ಪುಟ್ಟ ಪೆಟ್ಟಿಗೆ ದೋಣಿ ಅದು. ಈಗ ಫೈಬರಿನದು, ಒಡಲು 35 ಕಿಲೊ, ಉದ್ದ ಎರಡೂಕಾಲು ಮೀಟರಿಗಿಂತ ಸ್ವಲ್ಪ ಹೆಚ್ಚು. ನಾಲ್ಕು ಮಕ್ಕಳು ಸೇರಿದರೆ ಹೊತ್ತು ತರಬಹುದು. ಮಗುಚಿದರೂ ಮುಳುಗದಂತೆ ಒಳಗೆ ಮೂರು ಗಾಳಿಚೀಲಗಳಿರುತ್ತವೆ. ಹಾಯಿದೋಣಿ ಕ್ಲಬ್ಬುಗಳಲ್ಲಿ ಮೊದಲು ಅಲಕ್ಷ್ಯವಾಗುವುದು ಇವೇ. ಗಾಳಿ ತುಂಬಿ ರಾತ್ರಿಯಿಡೀ ಬಿಟ್ಟು ಬೆಳಗ್ಗೆ ಒತ್ತಿ ನೋಡಬೇಕು. ಮೆತ್ತಗಾಗಿದ್ದರೆ ಆ ದೋಣಿ ಅಂದು ನೀರಿಗಿಳಿಯಕೂಡದು. ಚೀಲ ಕಟ್ಟಿದ ಪಟ್ಟಿಗಳನ್ನೂ ಜಗ್ಗಿ ನೋಡಬೇಕು. ಈ ವಿಷಯದಲ್ಲಿ ನಾಳೆ ನೋಡೋಣ ಎನ್ನುವವರ ಕೈಗೆ ಮಕ್ಕಳನ್ನು ಒಪ್ಪಿಸಬಾರದು.

ದೋಣಿಯನ್ನು ಹೊಸತು ಮಾಡುವುದೆಂದರೆ ದುಬಾರಿ ಸಾಮಾನು ಹಾಕುವುದೆಂದು ಬಹಳ ಜನ ತಿಳಿದಿದ್ದಾರೆ. ಕ್ಲಬ್ಬಿಗೆ ಬೇಕಾದ್ದು ಬೇರೆ. ಎಲ್ಲ ದೋಣಿಗೂ ಒಂದೇ ದಪ್ಪದ ಹಗ್ಗ, ಒಂದೇ ಬಗೆಯ ರಾಟೆ, ಒಂದೇ ಅಳತೆಯ ತಿರುಪು. ಆಗ ಒಂದು ದೋಣಿ ಕೆಟ್ಟರೆ ಅದರ ಬಿಡಿಭಾಗದಿಂದ ಇನ್ನೊಂದು ನಡೆಯುತ್ತದೆ.

ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸೇನೆಯ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನವರ ಹಾಯಿಗಳನ್ನು ನೋಡಿದವರಿಗೆ ಊರ ನಡುವಿನ ಸಣ್ಣ ನೀರಿನಲ್ಲೂ ಈ ವಿದ್ಯೆ ಬೆಳೆಯುತ್ತದೆಂದು ಗೊತ್ತು. ಅಲ್ಲಿನ ಕ್ಲಬ್ಬಿಗೆ ‘ತೃಷ್ಣಾ’ ಎಂಬ ಹೆಸರು. 1985ರಿಂದ 1987ರವರೆಗೆ ಭೂಮಿಯನ್ನು ಸುತ್ತಿಬಂದ, ಸೇನೆಯ ಎಂಜಿನಿಯರುಗಳು ನಡೆಸಿದ ಹಾಯಿನೌಕೆಯ ಹೆಸರೂ ಅದೇ.

ಬೇತಮಂಗಲದ ಕಷ್ಟ ಬೇರೆಯದು. ಇಲ್ಲಿ ಗಾಳಿ ಬರುವುದು ಆಷಾಢದಲ್ಲಿ. ಪಶ್ಚಿಮದಿಂದ ಮೋಡ ಓಡುತ್ತದೆ, ಮಳೆ ಸುರಿಯುವುದು ಕಡಿಮೆ, ನೀರು ತಳಕ್ಕೆ ಇಳಿದಿರುತ್ತದೆ. ಕೆರೆ ತುಂಬುವುದು ಹಿಂಗಾರಿನಲ್ಲಿ. 2021ರ ನವೆಂಬರಿನಲ್ಲಿ ಜಿಲ್ಲೆಯ ಎಷ್ಟೋ ಕೆರೆಗಳು ಕೋಡಿ ಹರಿದದ್ದು ಕಾರ್ತಿಕದ ಮಳೆಗೇ. ಗಾಳಿಯೂ ನೀರೂ ಒಟ್ಟಿಗೆ ಸಿಗುವುದು ಹಿಂದಿನ ವರ್ಷದ ನೀರು ಆಷಾಢದವರೆಗೆ ಉಳಿದಾಗ ಮಾತ್ರ. ಆದ್ದರಿಂದ ಕಲಿಯುವವರನ್ನು ಕಾರ್ತಿಕದ ತುಂಬು ನೀರಿಗೆ, ಮೆಲ್ಲನೆಯ ಗಾಳಿಗೆ ಇಳಿಸಬೇಕು, ಪಳಗಿದವರನ್ನು ಆಷಾಢಕ್ಕೆ. ರಿಪೇರಿ ಚೈತ್ರ, ವೈಶಾಖದಲ್ಲಿ, ಬೆಳಗಿನ ಹೊತ್ತು, ನೆರಳಿನಲ್ಲಿ ಮುಗಿಯಬೇಕು. ಕೆರೆ ಬತ್ತಿದ ವರ್ಷವೂ ಆ ಕೆಲಸ ನಿಲ್ಲಬಾರದು. ಹಾಗೆ ನಿಂತಾಗಲೇ ಕ್ಲಬ್ಬುಗಳು ಮುಚ್ಚುವುದು.

ಇದು ಕುಡಿಯುವ ನೀರಿನ ಕೆರೆಯಾಗಿ ಬೆಳೆದದ್ದು. ಇಲ್ಲಿ ಮೋಟಾರು ಬೇಡ, ಎಣ್ಣೆ ಬೇಡ. ರೆಸಿನ್ ಡಬ್ಬಿ, ಉಜ್ಜಿದ ಹುಡಿ ನೀರಿಗೆ ಬೀಳಲೇಬಾರದು. ಹಾಗಾಗಿ ದೋಣಿ ರಿಪೇರಿಯ ಶೆಡ್ಡನ್ನು ಏರಿಗೆ ತಾಗಿಸಿ ಕಟ್ಟುವಂತಿಲ್ಲ. ಅಂದು ಗಾಳಿ ಅಲೆಗಳನ್ನು ತಂದು ಏರಿಯ ಕಲ್ಲಿಗೇ ಬಡಿಯುತ್ತಿತ್ತು. ಆ ಕಲ್ಲಿನ ಮೇಲೆ ದೋಣಿ ಇಳಿಸಿದರೆ ಮೊದಲ ದಿನವೇ ತಳ ಹೋಗುತ್ತದೆ. ದಡ ಇಳಿಜಾರಾಗಿ ಮಣ್ಣಿರುವ ಕಡೆ, ನೀರು ಹಿಂದೆ ಸರಿದಾಗಲೂ ಕೈಗಾಡಿ ಕೆಸರಿನಲ್ಲಿ ಹೂತುಹೋಗದಂತೆ ತೆಂಗಿನ ನಾರಿನ ಚಾಪೆ ಹಾಸಿ ಇಳಿಸಬೇಕು. ಅಂಥ ಜಾಗ ತೋರಿಸಿ ಎಂದಾಗ ತೆಪ್ಪದ ಅಣ್ಣ ಕೈ ಒರೆಸಿಕೊಂಡು ಎದ್ದು, ದನ ನೀರು ಕುಡಿಯಲು ಇಳಿಯುವ ದಾರಿಯನ್ನು ತೋರಿಸಿದರು.