ಕಾರ್ಡ್ ಬಾಕಿ: ವರ್ಗಾವಣೆಗೆ ಮುನ್ನ ಲೆಕ್ಕ ಹಾಕಿ

ಮುಂಬಯಿ: ಬಾಡಿಗೆ ಖೋಲಿ ಬಿಟ್ಟು ಸ್ವಂತ ಮನೆಗೆ ಹೋಗಲು ಗೃಹಸಾಲ ಕೇಳಿದಾಗ ಹಳೆಯ ಕ್ರೆಡಿಟ್ ಕಾರ್ಡಿನ ಬಾಕಿ ಅಡ್ಡ ಬರುವುದುಂಟು. ತಿಂಗಳಿಗೆ ಶೇ. 3.5ರಂತೆ 50,000 ರೂ. ಬಾಕಿಗೆ 1,750 ರೂ. ಬಡ್ಡಿ, ಅದರ ಮೇಲೆ ಶೇ. 18 ಜಿಎಸ್‌ಟಿ. ಕನಿಷ್ಠ ಮೊತ್ತವಷ್ಟೇ ಕಟ್ಟುತ್ತಿದ್ದರೆ ಅಸಲು ಕರಗುವುದು ಬಹಳ ನಿಧಾನ.

ಇದಕ್ಕೊಂದು ದಾರಿ ಬ್ಯಾಲೆನ್ಸ್ ಟ್ರಾನ್ಸ್‌ಫರ್. ಅಂದರೆ ಬಾಕಿಯನ್ನು ಕಡಿಮೆ ಬಡ್ಡಿಯ ಇನ್ನೊಂದು ಬ್ಯಾಂಕಿನ ಕಾರ್ಡಿಗೆ ವರ್ಗಾಯಿಸುವುದು. ಆರು ತಿಂಗಳಿಗೆ ಶೇ. 1.5ರ ದರ ಸಿಕ್ಕಿದರೆ ಮೊದಲ ತಿಂಗಳ ಬಡ್ಡಿ 750 ರೂ. ಆದರೆ ಪ್ರೊಸೆಸಿಂಗ್ ಶುಲ್ಕವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅವಧಿಯೊಳಗೆ ತೀರಿಸದಿದ್ದರೆ ಮತ್ತೆ ದುಬಾರಿ ಬಡ್ಡಿ. ಖಾಲಿಯಾದ ಹಳೆಯ ಕಾರ್ಡನ್ನು ಪುನಃ ಉಜ್ಜಿದರಂತೂ ಒಂದು ಸಾಲ ಎರಡಾಗುತ್ತದೆ.

ಅರ್ಜಿ ತಿರಸ್ಕೃತವಾಯಿತೆಂದು ಹಠಕ್ಕೆ ಬಿದ್ದು ನಾಲ್ಕು ಬ್ಯಾಂಕುಗಳಿಗೆ ಅರ್ಜಿ ಹಾಕಬಾರದು. ಪ್ರತಿ ವಿಚಾರಣೆಯೂ ಸಿಬಿಲ್ ವರದಿಯಲ್ಲಿ ದಾಖಲಾಗಿ, 300ರಿಂದ 900ರವರೆಗಿನ ಅಂಕ ಇಳಿಯಬಹುದು. ತಿರಸ್ಕಾರದ ಮುಖ್ಯ ಕಾರಣವನ್ನು ಕಾರ್ಡ್ ನೀಡುವವರು ಲಿಖಿತವಾಗಿ ತಿಳಿಸಬೇಕೆಂದು ರಿಸರ್ವ್ ಬ್ಯಾಂಕ್ 2022ರಲ್ಲಿ ನಿರ್ದೇಶಿಸಿದೆ. ಅದನ್ನು ಕೇಳಿ ಪಡೆಯಬೇಕು.

ಪೂರ್ಣ ವರದಿ ವರ್ಷಕ್ಕೊಮ್ಮೆ ಉಚಿತ. ತೀರಿಸಿದ ಸಾಲವೂ ಬಾಕಿಯೆಂದು ಕಂಡರೆ ದೂರು ನೀಡಿ ತಿದ್ದಿಸಬಹುದು. 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂ. ಪರಿಹಾರವುಂಟು. ಮನೆ ನೋಡಲು ಹೊರಡುವ ಮೊದಲು ಈ ವರದಿ ನೋಡುವುದು ಲೇಸು.