ಕುದಿನೀರಿಗೂ ಸಾಯದ ವಿಷ

ಅಮೆರಿಕದ ವರ್ಜೀನಿಯಾದಲ್ಲಿ ಒಬ್ಬರು ಮನೆಯಲ್ಲಿ ಸಮುದ್ರದ ಅಕ್ವೇರಿಯಂ ಇಟ್ಟಿದ್ದರು. ತೊಟ್ಟಿಯ ಕಲ್ಲಿನ ಮೇಲೆ ತಾವು ತಂದಿರದ, ಪಾಲಿಪ್ ಎಂಬ ಪುಟ್ಟ ಕಡಲಜೀವಿಗಳು ಎದ್ದು ಹಬ್ಬತೊಡಗಿದವು. ಅವುಗಳ ಕಾಟ ತಪ್ಪಿಸಿಕೊಳ್ಳಲು ಅವರು ಕಲ್ಲಿನ ಮೇಲೆ ಕುದಿಯುವ ನೀರು ಸುರಿದರು. ಎದ್ದ ಹಬೆ ಮೂಗಿಗೆ ಹೋಯಿತು. ಸುಮಾರು 20 ನಿಮಿಷದಲ್ಲಿ ಮೂಗು ಸೋರಿತು, ಕೆಮ್ಮು ಹತ್ತಿತು. ಕೆಲವೇ ಗಂಟೆಗಳಲ್ಲಿ ಎದೆನೋವು, ಏದುಸಿರು ಶುರುವಾಗಿ ಆಸ್ಪತ್ರೆಯ ತುರ್ತು ಚಿಕಿತ್ಸೆಗೆ ಓಡಬೇಕಾಯಿತು. ಉಳಿದಿದ್ದ ಪಾಲಿಪ್‌ಗಳನ್ನು ಪರೀಕ್ಷಿಸಿದಾಗ ಅವುಗಳಲ್ಲಿ ಪಾಲಿಟಾಕ್ಸಿನ್ ಎಂಬ ವಿಷ ಸಿಕ್ಕಿತು. 2011ರಲ್ಲಿ ‘ಪ್ಲಾಸ್ ಒನ್’ ವಿಜ್ಞಾನ ಪತ್ರಿಕೆಯಲ್ಲಿ ಈ ಪ್ರಕರಣದ ವಿವರ ಪ್ರಕಟವಾಯಿತು.

ಅವರು ಮಾಡಿದ್ದನ್ನು ನಮ್ಮಲ್ಲಿ ಯಾರಾದರೂ ಮಾಡುತ್ತಿದ್ದರು. ಹಾಲಿನ ಬಾಟಲಿಯಿಂದ ಹಿಡಿದು ಕುಡಿಯುವ ನೀರಿನವರೆಗೆ, ಕುದಿಸಿದರೆ ದೋಷ ಹೋಗುತ್ತದೆ ಎಂದು ನಂಬಿ ಬೆಳೆದವರು ನಾವು. ಕುದಿನೀರು ಪಾಲಿಪ್ಪನ್ನು ಕೊಲ್ಲುತ್ತದೆ, ನಿಜ. ಆದರೆ ವಿಷ ಕೆಡುವುದಿಲ್ಲ. ಅಷ್ಟೇ ಅಲ್ಲ, ಕಲ್ಲಿನ ಮೇಲೆ ಸುಮ್ಮನೆ ಕೂತಿದ್ದ ವಿಷವನ್ನು ನಾವೇ ಹಬೆಯೊಡನೆ ಗಾಳಿಗೆ ಏರಿಸಿದಂತಾಗುತ್ತದೆ.

ಈ ಪಾಲಿಪ್‌ಗಳು ಝೋವಾಂಥಿಡ್ ಎಂಬ ಗುಂಪಿಗೆ ಸೇರಿದವು. ಹವಳದ ನೆಂಟರಾದರೂ ಹವಳದಂತೆ ಸುಣ್ಣದ ಗೂಡು ಕಟ್ಟುವುದಿಲ್ಲ. ಅಂಗಿಯ ಗುಂಡಿಯಷ್ಟಗಲದ ಚಪ್ಪಟೆ ಮುಖ, ಅಂಚಿಗೆ ಗಿಡ್ಡ ಗ್ರಹಣಾಂಗಗಳ ಝಾಲರಿ, ಕೆಳಗೆ ದಪ್ಪ ತೊಟ್ಟು. ಅಕ್ವೇರಿಯಂ ಮಂದಿ ಇವನ್ನು ಬಟನ್ ಪಾಲಿಪ್, ಝೋವಾ, ಪಾಲಿ ಎಂದೆಲ್ಲ ಕರೆಯುತ್ತಾರೆ. ಕಣ್ಣು ಕುಕ್ಕುವ ಹಸಿರು, ಕಿತ್ತಳೆ ಬಣ್ಣದವಕ್ಕೆ ಒಳ್ಳೆಯ ಬೆಲೆಯಿದೆ. ಮಂಕು ಕಂದು ಬಣ್ಣದವು ಲೈವ್ ರಾಕ್‌ಗೆ, ಅಂದರೆ ಜೀವಿಗಳು ನೆಲೆಸಿರುವ ಸಮುದ್ರದ ಕಲ್ಲಿಗೆ, ಅಂಟಿಕೊಂಡು ಕರೆಯದೆ ಬರುತ್ತವೆ. ಇದೇ ಗುಂಪಿನ ಪಾಲಿಥೋವಾ ಕುಲದ ಹಲವು ಜಾತಿಗಳಲ್ಲಿ ತೊಟ್ಟುಗಳನ್ನೆಲ್ಲ ಬುಡದಲ್ಲಿ ಒಂದೇ ಮಾಂಸಲ ಹಾಸು ಬೆಸೆದಿರುತ್ತದೆ. ಅದು ಮರಳಿನ ಕಣಗಳನ್ನು ಮೈಯೊಳಕ್ಕೇ ಸೇರಿಸಿಕೊಂಡು ಬೆಳೆಯುತ್ತದೆ. ಹಾಗಾಗಿ ಮುಟ್ಟಿದರೆ ತೊಗಲಿನಂತೆ ಗಟ್ಟಿ, ಬ್ಲೇಡು ಹಾಕಿದರೆ ಮೊಂಡಾಗುತ್ತದೆ. ಜನ ಉಳಿ, ತಂತಿ ಬ್ರಷ್, ಗ್ರೈಂಡರ್ ಹುಡುಕುವುದು ಆಗಲೇ. ಮುಟ್ಟಿದೊಡನೆ ಮುದುಡಿಕೊಳ್ಳುವ ಪಾಲಿಪ್ ಒಳಗಿನ ನೀರನ್ನು ಪಿಚಕ್ಕನೆ ಹಾರಿಸುತ್ತದೆ. ಆ ಹನಿ ಕಣ್ಣಿಗೆ ಬಿದ್ದು ಕಾರ್ನಿಯಾಕ್ಕೆ ಹಾನಿ ಮಾಡಿಕೊಂಡವರಿದ್ದಾರೆ.

ಹವಾಯಿಯ ಮಾವಿ ದ್ವೀಪದ ಹಾನಾ ಊರಿನವರಿಗೆ ಈ ವಿಷದ ಸಂಗತಿ ವಿಜ್ಞಾನಿಗಳಿಗಿಂತ ಬಹಳ ಮೊದಲೇ ಗೊತ್ತಿತ್ತು. ಅಲ್ಲಿನ ಕಡಲಂಚಿನ ಒಂದು ಹೊಂಡದಲ್ಲಿ ಬೆಳೆಯುವುದನ್ನು ಅವರು ‘ಹಾನಾದ ಸಾವಿನ ಪಾಚಿ’ ಎನ್ನುತ್ತಿದ್ದರು. ಊರವರನ್ನು ಕೊಂದು ತಿನ್ನುತ್ತಿದ್ದ, ಬೆನ್ನಲ್ಲಿ ಶಾರ್ಕ್ ಮೀನಿನ ಬಾಯಿದ್ದ ಒಬ್ಬನನ್ನು ಸುಟ್ಟು, ಬೂದಿಯನ್ನು ಆ ಹೊಂಡಕ್ಕೆ ಚೆಲ್ಲಿದ್ದರಿಂದ ಅದು ವಿಷವಾಯಿತು ಎಂಬುದು ಕಥೆ. ಭರ್ಜಿಯ ಮೊನೆಗೆ ಅದನ್ನು ಸವರಿದರೆ ಗಾಯವಾದವನು ಬದುಕುವುದಿಲ್ಲ ಎಂಬ ಮಾತೂ ಇತ್ತು. ಹೊಂಡ ಇರುವ ಜಾಗವನ್ನು ಹೊರಗಿನವರಿಗೆ ತೋರಿಸುತ್ತಿರಲಿಲ್ಲ. 1961ರ ಡಿಸೆಂಬರ್ 31ರಂದು ಹವಾಯಿ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಲಿಂದ ಮಾದರಿ ತಂದರು. ಅದೇ ದಿನ ಅವರ ಸಮುದ್ರ ಪ್ರಯೋಗಾಲಯದ ಕಟ್ಟಡಕ್ಕೆ ಬೆಂಕಿ ಬಿತ್ತು. ಅದು ಕಾಕತಾಳೀಯವೇ ಇರಬಹುದು, ಊರವರ ಎಚ್ಚರಿಕೆ ಮಾತ್ರ ಸುಳ್ಳಾಗಲಿಲ್ಲ. ಪಾಚಿ ಎಂದುಕೊಂಡಿದ್ದದ್ದು ಪಾಲಿಥೋವಾ ಪ್ರಾಣಿ ಎಂದು ತಿಳಿಯಿತು. 1971ರಲ್ಲಿ ರಿಚರ್ಡ್ ಮೂರ್ ಮತ್ತು ಪಾಲ್ ಶೋಯರ್ ಆ ವಿಷವನ್ನು ಬೇರ್ಪಡಿಸಿ ಪ್ರಕಟಿಸಿದರು. ಅದರ ರಚನೆ ಬಿಡಿಸಲು ಇನ್ನೂ 10 ವರ್ಷ ಹಿಡಿಯಿತು. ಒಂದೊಂದು ಅಣುವಿನಲ್ಲೂ 129 ಇಂಗಾಲದ ಪರಮಾಣುಗಳಿವೆ. ಹಾರ್ವರ್ಡ್‌ನ ಯೋಶಿತೋ ಕಿಶಿ ಅವರ ತಂಡ ಅದನ್ನು ಪ್ರಯೋಗಾಲಯದಲ್ಲಿ ಕಟ್ಟಿದ್ದು ಸಂಶ್ಲೇಷಣಾ ರಸಾಯನಶಾಸ್ತ್ರದ ದೊಡ್ಡ ಸಾಧನೆಗಳಲ್ಲಿ ಒಂದು.

ನಮ್ಮ ಜೀವಕೋಶಗಳ ಪೊರೆಯಲ್ಲಿ ಒಂದು ಪಂಪ್ ಇದೆ. ಸೋಡಿಯಂ ಹೊರಹಾಕಿ ಪೊಟ್ಯಾಸಿಯಂ ಒಳಗೆಳೆಯುವುದು ಅದರ ಕೆಲಸ. ಅದಕ್ಕೆ ಒಳಬಾಗಿಲು, ಹೊರಬಾಗಿಲು ಎರಡಿದ್ದು, ಎರಡೂ ಒಟ್ಟಿಗೆ ತೆರೆಯುವುದಿಲ್ಲ. ಪಾಲಿಟಾಕ್ಸಿನ್ ಹೋಗಿ ಅಂಟಿಕೊಂಡರೆ ಎರಡೂ ತೆರೆದುಕೊಂಡು ಪಂಪ್ ಬರೀ ತೂತಾಗುತ್ತದೆ. ಸೋಡಿಯಂ ಒಳಕ್ಕೆ ನುಗ್ಗುತ್ತದೆ, ಪೊಟ್ಯಾಸಿಯಂ ಹೊರಕ್ಕೆ ಸೋರುತ್ತದೆ. ಈ ಪಂಪ್ ದೇಹದ ಬಹುತೇಕ ಎಲ್ಲ ಜೀವಕೋಶಗಳಲ್ಲೂ ಇರುವುದರಿಂದ ಉಸಿರಾಟ, ಸ್ನಾಯು, ಹೃದಯ ಎಲ್ಲಕ್ಕೂ ಪೆಟ್ಟು ಬೀಳಬಹುದು. ಇದಕ್ಕೆ ಪ್ರತಿವಿಷ ಇಲ್ಲ. ಲಕ್ಷಣ ನೋಡಿಕೊಂಡು ಚಿಕಿತ್ಸೆ ಕೊಡುತ್ತಾರೆ.

ಎಲ್ಲ ಝೋವಾಂಥಿಡ್‌ಗಳೂ ಹೀಗಲ್ಲ. ಕೆಲವುಗಳಲ್ಲಿ ಈ ವಿಷ ಇಲ್ಲವೇ ಇಲ್ಲ, ಕೆಲವುಗಳಲ್ಲಿ ಭಯಂಕರವಾಗಿರುತ್ತದೆ. ಬಣ್ಣ, ಆಕಾರ ನೋಡಿ ಯಾವುದು ಯಾವುದೆಂದು ಹೇಳಲಾಗದು. ಆದ್ದರಿಂದ ಎಲ್ಲವನ್ನೂ ವಿಷವೆಂದೇ ಎಣಿಸಿ ಕೆಲಸಕ್ಕೆ ಇಳಿಯಬೇಕು.

ತೆಗೆಯುವ ದಾರಿಯ ವಿಷಯದಲ್ಲಿ ನನ್ನ ನಿಲುವು ಖಚಿತ: ಪಾಲಿಪ್ ಕೀಳಬೇಡಿ, ಕಲ್ಲನ್ನೇ ತೆಗೆಯಿರಿ. ದುಬಾರಿ ಕಲ್ಲು ಉಳಿಸಿಕೊಳ್ಳಬೇಕೆಂಬ ಆಸೆಯೇ ಉಜ್ಜುವುದಕ್ಕೆ, ಕೆರೆಯುವುದಕ್ಕೆ, ಕುದಿಸುವುದಕ್ಕೆ ಹಚ್ಚುತ್ತದೆ. 2018ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನ ಸ್ಟೀವೆಂಟನ್ ಹಳ್ಳಿಯಲ್ಲಿ ತೊಟ್ಟಿ ಸ್ವಚ್ಛಗೊಳಿಸಲು ಹೋಗಿ ಇಡೀ ಮನೆಯವರು ಆಸ್ಪತ್ರೆ ಸೇರಿದರು. ನೆರವಿಗೆ ಬಂದ ಅಗ್ನಿಶಾಮಕ ಸಿಬ್ಬಂದಿಯಲ್ಲೂ ಕೆಲವರನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು.

ಮೊದಲು ಮಕ್ಕಳನ್ನೂ ನಾಯಿ ಬೆಕ್ಕುಗಳನ್ನೂ ಹೊರಗೆ ಕಳಿಸಿ, ಕಿಟಕಿ ತೆರೆದು, ಏಸಿ ಆರಿಸಿ. ಪಂಪುಗಳನ್ನೂ ನಿಲ್ಲಿಸಿ. ಮೊಣಕೈವರೆಗಿನ ಕೈಗವಸು, ಅದರೊಳಗೆ ಇನ್ನೊಂದು ನೈಟ್ರೈಲ್ ಕೈಗವಸು, ನಾಲ್ಕೂ ಕಡೆ ಮುಚ್ಚುವ ಕನ್ನಡಕ, ಮುಖಕ್ಕೆ ಸರಿಯಾಗಿ ಕೂರುವ ರೆಸ್ಪಿರೇಟರ್ ಬೇಕು. ಸಾದಾ ಸರ್ಜಿಕಲ್ ಮಾಸ್ಕ್ ಸಾಲದು. ಕೈಯಲ್ಲಿ ಸಣ್ಣ ಗಾಯವಿದ್ದರೂ ಆ ಕೆಲಸ ಇನ್ನೊಬ್ಬರಿಗೆ ಬಿಡಿ. ಬಕೆಟ್ಟಿಗೆ ತೊಟ್ಟಿಯ ನೀರನ್ನೇ ತುಂಬಿ, ಕಲ್ಲು ಎತ್ತಿದ ಕೂಡಲೇ ಅದರಲ್ಲಿ ಮುಳುಗಿಸಿ, ಮುಚ್ಚಳ ಹಾಕಿ ಬಯಲಿಗೆ ಒಯ್ಯಬೇಕು. ಫ್ಲ್ಯಾಟ್‌ನಲ್ಲಿರುವವರಿಗೆ ಗಾಳಿಯಾಡುವ ಬಾಲ್ಕನಿಯಾದರೂ ಸರಿ, ಅಡುಗೆಮನೆಯ ಸಿಂಕ್ ಬೇಡವೇ ಬೇಡ. ಕಲ್ಲು ಒಣಗಲು ಬಿಡಬಾರದು. ಒಣಗಿದ ಪಾಲಿಪ್ಪಿನಲ್ಲೂ ವಿಷ ಉಳಿಯುತ್ತದೆ, ಕೆರೆದರೆ ಅದು ದೂಳಾಗಿ ಏಳುತ್ತದೆ.

ಬಿಸಿಗೆ ಜಗ್ಗದ ಈ ವಿಷ ಮನೆಯ ಬ್ಲೀಚಿಗೆ ಸೋಲುತ್ತದೆ. ವರ್ಜೀನಿಯಾ ಪ್ರಕರಣವನ್ನು ಅಧ್ಯಯನ ಮಾಡಿದ ತಂಡವೇ ಇದನ್ನೂ ಪರೀಕ್ಷಿಸಿ ನೋಡಿತು. ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿದರೆ ಅರ್ಧ ಗಂಟೆಯಲ್ಲಿ ವಿಷ ನಿಷ್ಕ್ರಿಯವಾಗುತ್ತದೆ. ಹೊರಗೆ ಒಯ್ದ ಕಲ್ಲನ್ನು ಈ ದ್ರಾವಣದಲ್ಲಿ ಮುಳುಗಿಸಿಡಿ. ದಪ್ಪ ಹಾಸಿನ ಒಳಗಿಳಿಯಲು ಹೆಚ್ಚು ಹೊತ್ತು ಬೇಕಾದೀತು, ಇಡೀ ರಾತ್ರಿ ಬಿಡುವುದು ಒಳ್ಳೆಯದು. ಹಳೇ ಬಾಟಲಿಯ ಬ್ಲೀಚ್ ಸತ್ವ ಕಳೆದುಕೊಂಡಿರುತ್ತದೆ, ಹೊಸದನ್ನೇ ತನ್ನಿ. ನಮ್ಮ ಬಚ್ಚಲುಮನೆಗಳಲ್ಲಿರುವ ಟಾಯ್ಲೆಟ್ ಕ್ಲೀನರ್‌ಗಳಲ್ಲಿ ಬಹಳಷ್ಟು ಆಮ್ಲದವು. ಬ್ಲೀಚಿನ ಜೊತೆ ಅವು ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ವಿನೆಗರ್ ಕೂಡ ಬೇಡ. ಬಳಸಿದ ಚಿಮುಟ, ಬಕೆಟ್, ಕೈಗವಸುಗಳಿಗೂ ಅದೇ ಬ್ಲೀಚ್ ಸ್ನಾನ ಆಗಲಿ. ಜೀವಂತ ಪಾಲಿಪ್‌ಗಳನ್ನು ಚರಂಡಿಗೋ ಕಡಲಿಗೋ ಎಸೆಯುವ ಯೋಚನೆಯನ್ನು ಬಿಟ್ಟುಬಿಡಿ.

ಕಲ್ಲು ಎತ್ತಲಾಗದಂತೆ ತಳಕ್ಕೆ ಕೂತಿದ್ದರೆ, ನೀರೊಳಗೇ ಗಟ್ಟಿಯಾಗುವ ಎಪಾಕ್ಸಿ ಪುಟ್ಟಿಯಿಂದ ಪಾಲಿಪ್‌ಗಳನ್ನು ಹಾಗೆಯೇ ಮುಚ್ಚಬಹುದು. ಒಮ್ಮೆಗೆ ನಾಲ್ಕಾರು ಸಾಕು. ಒಟ್ಟಿಗೆ ಹೆಚ್ಚು ಸತ್ತರೆ ನೀರು ಕೆಟ್ಟು ಮೀನುಗಳಿಗೆ ಅಪಾಯ. ಫಿಲ್ಟರ್‌ನಲ್ಲಿ ಆಕ್ಟಿವೇಟೆಡ್ ಕಾರ್ಬನ್ ಇರಲಿ, ನೀರು ಬದಲಿಸುತ್ತಿರಿ.

ನಾಲಿಗೆಯಲ್ಲಿ ಕಹಿ, ಲೋಹದಂಥ ರುಚಿ ಬಂದರೆ ಕೆಲಸ ಬಿಟ್ಟು ಹೊರಗೆ ಹೋಗಬೇಕು. ಜ್ವರ, ಕೆಮ್ಮು, ಮೈಕೈ ನೋವು ಮೇಲ್ನೋಟಕ್ಕೆ ಫ್ಲೂ ಥರ ಕಾಣುತ್ತವೆ, ತಡವಾಗಿಯೂ ಬರಬಹುದು. ಅಲಾಸ್ಕಾದ ಆಂಕರೇಜ್‌ನಲ್ಲಿ 2014ರಲ್ಲಿ ಒಬ್ಬರಿಗೆ, ಹೊಸ ಝೋವಾಂಥಿಡ್ ಅನ್ನು ತೊಟ್ಟಿಗೆ ಹಾಕಿ ಏಳೆಂಟು ಗಂಟೆ ಕಳೆದ ಮೇಲೆ ಈ ಲಕ್ಷಣಗಳು ಕಾಣಿಸಿಕೊಂಡವು. ಕಣ್ಣಿಗೆ ಸಿಡಿದಿದ್ದರೆ ಕನಿಷ್ಠ 15 ನಿಮಿಷ ನಲ್ಲಿ ನೀರು ಬಿಡುತ್ತಲೇ ಇದ್ದು ನೇತ್ರವೈದ್ಯರ ಬಳಿ ಹೋಗಬೇಕು. ನಮ್ಮ ಊರುಗಳ ವೈದ್ಯರು ಇಂಥ ರೋಗಿಯನ್ನು ಕಂಡಿರುವ ಸಾಧ್ಯತೆ ಕಡಿಮೆ. ‘ಪಾಲಿಟಾಕ್ಸಿನ್’ ಎಂದು ಚೀಟಿಯಲ್ಲಿ ಬರೆದುಕೊಂಡೇ ಹೋಗಿ, ಪಾಲಿಪ್ಪಿನ ಫೋಟೋ ತೋರಿಸಿ.

ಬಂಡೆ ಕಟ್ಟುವ ಹವಳಗಳಿಗೆ ನಮ್ಮಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದ ರಕ್ಷಣೆ ಇದೆ. ಹವಳವನ್ನು ಮನುಷ್ಯನಿಂದ ಕಾಯಲು ಕಾನೂನು ಬಂದಿದೆ. ಬಟನ್ ಪಾಲಿಪ್ಪಿನಿಂದ ಮನುಷ್ಯನನ್ನು ಕಾಯಲು ಅಂಗಡಿಯವನ ಒಂದು ಮಾತು, ಪೊಟ್ಟಣದ ಮೇಲೆ ಒಂದು ಸಾಲು ಸಾಕು. ಬೆಂಗಳೂರಿನಲ್ಲಾಗಲಿ ಬೇರೆಲ್ಲಾಗಲಿ, ಉಪ್ಪುನೀರಿನ ತೊಟ್ಟಿ ಇಡುವವರು ಕೊಳ್ಳುವ ಮೊದಲೇ ಆ ಎಚ್ಚರಿಕೆಯನ್ನು ಕೇಳಿ ಪಡೆಯಬೇಕು. ತಂದ ಲೈವ್ ರಾಕ್ ಅನ್ನು ಮುಖ್ಯ ತೊಟ್ಟಿಗೆ ಇಳಿಸದೆ ಕೆಲವು ವಾರ ಪ್ರತ್ಯೇಕವಾಗಿಟ್ಟು, ಬಿರುಕುಗಳಲ್ಲಿ ಕಂದು ಗುಂಡಿಗಳು ಅರಳುತ್ತವೆಯೇ ಎಂದು ಟಾರ್ಚ್ ಹಿಡಿದು ನೋಡುತ್ತಿರಬೇಕು. ಒಂದೆರಡು ಇರುವಾಗಲೇ ಸಿಕ್ಕರೆ ಆ ಕಲ್ಲನ್ನು ನೇರ ಬ್ಲೀಚ್ ಬಕೆಟ್ಟಿಗೆ ಹಾಕಬಹುದು.