ಅತಿಯಾದ ಮುಟ್ಟು: ಸಹಿಸಬೇಡಿ, ತೋರಿಸಿ

'ನಲವತ್ತು ದಾಟಿತಲ್ಲ, ಮುಟ್ಟು ನಿಲ್ಲೋ ಕಾಲ, ಹೀಗೇ ಹೋಗುತ್ತೆ.' ಶಿವಮೊಗ್ಗ, ಭದ್ರಾವತಿಯ ಮನೆಗಳಲ್ಲೂ ಕೇಳಿಬರುವ ಮಾತಿದು. ಆದರೆ ಸ್ರಾವ 8 ದಿನ ಮೀರಿದರೆ, 24 ದಿನಕ್ಕೆ ಮೊದಲೇ ಮತ್ತೆ ಮುಟ್ಟಾದರೆ, ಗಂಟೆಗೊಂದು ಪ್ಯಾಡ್ ನೆನೆದರೆ ಈ ಮಾತು ನಂಬಿ ಕೂರಬೇಡಿ.

ಗರ್ಭಕೋಶದ ಒಳಪೊರೆಯ ಜೀವಕೋಶಗಳಲ್ಲಿ ಹಾರ್ಮೋನು ಗ್ರಾಹಕಗಳಿವೆ. ಗ್ರಾಹಕ ಬೀಗವಾದರೆ ಹಾರ್ಮೋನು ಅದರ ಕೀಲಿಕೈ. ಈಸ್ಟ್ರೊಜೆನ್ ತನ್ನ ಗ್ರಾಹಕವನ್ನು ಸೇರಿ ಪೊರೆಯನ್ನು ಬೆಳೆಸುತ್ತದೆ. ಅಂಡ ಬಿಡುಗಡೆಯಾದ ಮೇಲೆ ಹೆಚ್ಚುವ ಪ್ರೊಜೆಸ್ಟರಾನ್ ಆ ಬೆಳವಣಿಗೆಗೆ ತಡೆಹಾಕುತ್ತದೆ. ಮುಟ್ಟು ನಿಲ್ಲುವ ವಯಸ್ಸು ಹತ್ತಿರವಾದಂತೆ ಕೆಲವು ತಿಂಗಳು ಅಂಡ ಬಿಡುಗಡೆಯಾಗುವುದೇ ಇಲ್ಲ. ಆಗ ತಡೆಯಿಲ್ಲದ ಪೊರೆ ದಪ್ಪವಾಗಿ, ಹೊತ್ತುಗೊತ್ತಿಲ್ಲದೆ ಕಳಚುತ್ತದೆ. ಬಹುಕಾಲ ಹೀಗೇ ಮುಂದುವರಿದರೆ ಕ್ಯಾನ್ಸರಿಗೂ ದಾರಿಯಾದೀತು.

ಗಡ್ಡೆ, ಥೈರಾಯ್ಡ್ ದೋಷವೂ ಕಾರಣವಿರಬಹುದು. ಆದ್ದರಿಂದ ಭದ್ರಾವತಿಯ ಸರ್ಕಾರಿ ಆಸ್ಪತ್ರೆಯಲ್ಲೋ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲೋ ಸ್ತ್ರೀರೋಗ ತಜ್ಞರನ್ನು ಕಾಣಿ. ರಕ್ತಪರೀಕ್ಷೆ, ಸ್ಕ್ಯಾನಿಂಗ್ ಮಾಡಿಸಿ. ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. 45 ದಾಟಿದವರಿಗೆ ಒಳಪೊರೆಯ ಚೂರು ತೆಗೆದು ಪರೀಕ್ಷಿಸುವುದು ಅಗತ್ಯ.

ಪ್ರೊಜೆಸ್ಟರಾನ್ ಗುಂಪಿನ ಮಾತ್ರೆ ಅಥವಾ ಹಾರ್ಮೋನು ಸೂಸುವ ವಂಕಿಯಿಂದಲೇ ಅನೇಕರಿಗೆ ಗುಣ ಕಾಣುತ್ತದೆ. ಕಾರಣ ತಿಳಿಯದೆ ಗರ್ಭಕೋಶ ತೆಗೆಸಲು ಆತುರಪಡಬೇಡಿ. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ಕಂಡರೂ ತಡಮಾಡಬೇಡಿ.